ಯಾರದೋ ಯುದ್ಧ, ಯಾರದೋ ಸುಗ್ಗಿ

ನಾನಿರುವ ಸಯನ್‌ಗೆ ಇಲ್ಲಿಯ ಮರಾಠಿ ಜನ 'ಶೀವ' ಅನ್ನುತ್ತಾರೆ. ಶೀವ ಅಂದರೆ ಗಡಿ. ನಮ್ಮ ಕಡೆ ಊರ ಸೀಮೆ ಅನ್ನುವುದಿಲ್ಲವೇ, ಹಾಗೆ. ಒಂದು ಕಾಲಕ್ಕೆ ಇಂಗ್ಲಿಷರ ಮುಂಬಯಿ ಇಲ್ಲಿಗೆ ಮುಗಿಯುತ್ತಿತ್ತು. ಆಚೆಯ ಸಾಷ್ಟಿ ಪೋರ್ಚುಗೀಸರದ್ದು. ಆ ಗಡಿ ಕಾಯಲೆಂದು 1669ರಿಂದ 1677ರ ನಡುವೆ ಗುಡ್ಡದ ಮೇಲೊಂದು ಕೋಟೆ ಕಟ್ಟಿದರು. ಕೋಟೆ ಅಂದಕೂಡಲೇ ನೀವು ಚಿತ್ರದುರ್ಗವನ್ನೋ ಗಜೇಂದ್ರಗಡವನ್ನೋ ನೆನೆಸಿಕೊಂಡರೆ ನಿರಾಶೆಯಾಗುತ್ತದೆ. ಸಂಜೆ ವಾಕಿಂಗಿಗೆ ಹೋದವರು ಮಾತು ಮುಗಿಯುವುದರೊಳಗೆ ಹತ್ತಿ ಇಳಿಯಬಹುದಾದಷ್ಟು ಚಿಕ್ಕದು. ಮೇಲೆ ನಿಂತು ಪಶ್ಚಿಮಕ್ಕೆ ನೋಡಿದರೆ ಸ್ಟೇಶನ್ನು, ರೈಲುಹಳಿ, ಅದರಾಚೆ ಧಾರಾವಿ.

ನಾನು ಹೇಳಹೊರಟಿರುವುದು ಕೋಟೆಯ ಬಗ್ಗೆ ಅಲ್ಲ, ಆ ಹಳಿಯ ಬಗ್ಗೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ್ದು ಇದೇ ದಾರಿಯಲ್ಲಿ. ಹತ್ತು ವರ್ಷದ ಮೇಲೆ, 1863ರಲ್ಲಿ, ಭೋರ್ ಘಾಟಿನ ರೈಲುದಾರಿ ತೆರೆದಾಗ ದಖನ್ನಿನ ಹತ್ತಿ ಘಟ್ಟ ಇಳಿದು ಈ ಗಡಿ ದಾಟಿ ಮುಂಬಯಿಗೆ ಹೋಗತೊಡಗಿತು. ಅಂಡಿಗೆ ಮೇಲೆ ಅಂಡಿಗೆ. ಅದೇ 1863ರಲ್ಲಿ, ಜುಲೈ 1ರಿಂದ 3ರವರೆಗೆ, ಇಲ್ಲಿಂದ ಸಾವಿರಾರು ಮೈಲಿ ದೂರದ ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್ ಅನ್ನುವ ಸಣ್ಣ ಊರಿನಲ್ಲಿ ಅಮೆರಿಕದ ಅಂತರ್ಯುದ್ಧದ ಅತಿ ದೊಡ್ಡ ಕಾಳಗ ನಡೆಯಿತು. ಎರಡೂ ಕಡೆ ಸೇರಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸೈನಿಕರು. ಮೂರು ದಿನದಲ್ಲಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲ ಕೂಡಿ ಸುಮಾರು 51,000. ಮೂರನೆಯ ದಿನ ಮಧ್ಯಾಹ್ನ ದಕ್ಷಿಣದ ದಂಡನಾಯಕ ಲೀ ಸುಮಾರು 12,500 ಜನರನ್ನು ಬಯಲಿನಲ್ಲಿ ನೇರ ತೋಪುಗಳ ಬಾಯಿಗೆ ನಡೆಸಿದ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಸತ್ತರು, ಗಾಯಗೊಂಡರು, ಇಲ್ಲವೆ ಸೆರೆಸಿಕ್ಕರು. ಮರುದಿನವೇ ಮಿಸಿಸಿಪ್ಪಿ ನದಿಯ ಮೇಲಿನ ವಿಕ್ಸ್‌ಬರ್ಗ್ ಉತ್ತರದವರ ಕೈಸೇರಿತು.

ಗೆಟ್ಟಿಸ್‌ಬರ್ಗ್‌ಗೂ ಸಯನ್‌ಗೂ ಏನು ಸಂಬಂಧ ಅಂತ ಕೇಳುವಿರಿ. ಸಂಬಂಧ ಹತ್ತಿಯದು. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಅಮೆರಿಕದ ದಕ್ಷಿಣದಿಂದ ಹೋಗುತ್ತಿತ್ತು. ಅದನ್ನು ಬೆಳೆಯುತ್ತಿದ್ದವರು ಗುಲಾಮರು. ಯುದ್ಧ ಶುರುವಾಗುವ ಹೊತ್ತಿಗೆ ಆ ದೇಶದಲ್ಲಿ ಗುಲಾಮರ ಸಂಖ್ಯೆ ಸುಮಾರು 40 ಲಕ್ಷ. 1861ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಗಿ ಉತ್ತರದವರು ದಕ್ಷಿಣದ ಬಂದರುಗಳನ್ನು ಕಟ್ಟಿಹಾಕಿದರು. ಲ್ಯಾಂಕಶೈರಿನ ಮಗ್ಗಗಳು ನಿಂತವು. ಹತ್ತಿ ಎಲ್ಲಿ ಸಿಗುತ್ತದೆ ಅಂತ ಹುಡುಕಿದವರ ಕಣ್ಣು ಮುಂಬಯಿ ಮೇಲೆ ಬಿತ್ತು. ಹತ್ತಿಯ ದರ ನಾಲ್ಕು ಪಟ್ಟಿಗೂ ಮೇಲೇರಿತು. ಹಳೇ ಹಾಸಿಗೆ, ದಿಂಬು ಬಿಚ್ಚಿ ಒಳಗಿನ ಅರಳೆ ಮಾರಿದರಂತೆ ಅನ್ನುವ ಮಾತು ಈ ಊರಿನಲ್ಲಿ ಇಂದಿಗೂ ಇದೆ.

ಯುದ್ಧದ ಆ ವರ್ಷಗಳಲ್ಲಿ ಮುಂಬಯಿಗೆ ಹರಿದುಬಂದ ಹೆಚ್ಚುವರಿ ಹಣ ಏಳೆಂಟು ಕೋಟಿ ಪೌಂಡು ಅಂತ ಲೆಕ್ಕ ಹಾಕಿದವರಿದ್ದಾರೆ. ನಾವಿಂದು 'ಮುಂಬಯಿ' ಅಂತ ಕರೆಯುವ ಊರಿನ ಮುಖವೇ ಆ ಹಣದ್ದು. ಹಳೇ ಕೋಟೆಗೋಡೆ ಒಡೆದು ಅಗಲ ರಸ್ತೆ ಮಾಡಿದರು. ಸಮುದ್ರ ತುಂಬಿ ನೆಲ ಮಾಡುತ್ತೇವೆಂದು ಕಂಪನಿ ಕಟ್ಟಿದರು. ವಿಶ್ವವಿದ್ಯಾಲಯದ ರಾಜಾಬಾಯಿ ಗಡಿಯಾರ ಗೋಪುರ, ಗ್ರಂಥಾಲಯ ಎರಡಕ್ಕೂ ಕೂಡಿ 4 ಲಕ್ಷ ರೂಪಾಯಿ ಕೊಟ್ಟವನು ಪ್ರೇಮಚಂದ ರಾಯಚಂದ, ಆ ಕಾಲದ ಹತ್ತಿ ಮತ್ತು ಷೇರು ಪೇಟೆಯ ದೊರೆ. ಗೋಪುರಕ್ಕೆ ಇಟ್ಟದ್ದು ಅವನ ತಾಯಿಯ ಹೆಸರು.

ಇದಿಷ್ಟೂ ಮುಂಬಯಿ ಇತಿಹಾಸ ಓದಿದ ಯಾರಿಗಾದರೂ ಗೊತ್ತು. ನಮ್ಮವರು ಹೆಚ್ಚು ಹೇಳದ ಭಾಗ ಬೇರೆ ಇದೆ. ಈ ಯುದ್ಧ ನಮ್ಮ ಧಾರವಾಡದ ಎರೆಹೊಲಕ್ಕೂ ಬಂದಿತ್ತು. ಯುದ್ಧಕ್ಕಿಂತ ಮೊದಲೇ ಬಂದಿತ್ತು ಅನ್ನಬೇಕು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣದಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಕರೆಸಿತು. ಅವರಲ್ಲಿ ಮರ್ಸರ್ ಎಂಬವನು ಆಮೇಲೆ ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿದ. ಬೀಜ ನ್ಯೂ ಆರ್ಲಿಯನ್ಸಿನದು. ಬೇರೆ ಬಹಳ ಕಡೆ ಸೋತ ಆ ಬೀಜ ಧಾರವಾಡದಲ್ಲಿ ಹಿಡಿಯಿತು. 'ಧಾರವಾಡ ಅಮೆರಿಕನ್' ಅಂತ ಪೇಟೆಯಲ್ಲಿ ಅದಕ್ಕೊಂದು ಹೆಸರೇ ಬಿತ್ತು. ನಮ್ಮ ಜವಾರಿ ಹತ್ತಿ 'ಕುಮಟಾ' ಹೆಸರಿನಿಂದ ಹೋಗುತ್ತಿತ್ತು, ಅದು ಹಡಗೇರುವ ಬಂದರಿನ ಹೆಸರು. ಬೆಳೆದವರು ಧಾರವಾಡದವರು, ಹೆಸರು ಕುಮಟೆಯದು, ದರ ಲಿವರ್‌ಪೂಲಿನದು.

ಎತ್ತಿನ ಗಾಡಿಗಳ ಸಾಲು ದೇವಿಮನೆ ಘಟ್ಟ ಇಳಿದು ಕುಮಟೆಗೆ, ಅಲ್ಲಿಂದ ಹಾಯಿ ಹಡಗಿನಲ್ಲಿ ಮುಂಬಯಿಯ ಕೊಲಾಬಾಕ್ಕೆ. ಅದು ಸಾಲದೆಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಕಾರವಾರದ ಸದಾಶಿವಗಡದ ಮೇಲೆ ಕಣ್ಣಿಟ್ಟು ಕಂಪನಿ ಕಟ್ಟಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಒತ್ತಾಯವಿತ್ತು. ಜಿಲ್ಲೆಯ ಮುಖ್ಯ ಠಾಣೆ ಹೊನ್ನಾವರದಿಂದ ಕಾರವಾರಕ್ಕೆ ಬಂತು. ಅಂಕೋಲೆ, ಕುಮಟೆಯ ಹುಡುಗರು ಓದಿಗೆ, ನೌಕರಿಗೆ ಮುಂಬಯಿ ಹಾದಿ ಹಿಡಿದದ್ದರ ಹಿಂದೆ ಹೀಗೊಂದು ಕಾರಣವೂ ಉಂಟು. ಅಮೆರಿಕದಲ್ಲಿ ಅಣ್ಣತಮ್ಮಂದಿರು ಬಡಿದಾಡಿಕೊಂಡದ್ದಕ್ಕೆ ಕನ್ನಡ ನಾಡಿನ ನಕ್ಷೆಯ ಗೆರೆ ಬದಲಾಯಿತು.

ಈಗ ನನ್ನನ್ನು ಬಹಳ ದಿನದಿಂದ ಕಾಡುವ ಪ್ರಶ್ನೆಗೆ ಬರುತ್ತೇನೆ. ನಾವು ಹೂಡದ, ಬಯಸದ ಯುದ್ಧದಿಂದ ನಮಗೆ ಅನ್ನ ಸಿಕ್ಕರೆ ಆ ಅನ್ನದ ಋಣ ನಮ್ಮ ಮೇಲಿದೆಯೇ?

ಇಲ್ಲ ಅನ್ನುವುದು ಸುಲಭ. 1863ರ ಆಗಸ್ಟಿನಲ್ಲಿ ನವಲಗುಂದದ ಒಬ್ಬ ರೈತ ಹತ್ತಿ ಬಿತ್ತಿದ ಅಂತಿಟ್ಟುಕೊಳ್ಳಿ. ಅವನಿಗೆ ಗೆಟ್ಟಿಸ್‌ಬರ್ಗ್ ಅಂದರೆ ಏನು ಗೊತ್ತು? ಅಟ್ಲಾಂಟಿಕ್ ಅಡಿಯ ತಂತಿ ಆಗಿನ್ನೂ ಕೆಲಸ ಮಾಡುತ್ತಿರಲಿಲ್ಲ. ಹಡಗಿನಲ್ಲಿ ಸುದ್ದಿ ಮುಂಬಯಿಗೇ ಮುಟ್ಟಬೇಕಾದರೆ ತಿಂಗಳು ಹಿಡಿಯುತ್ತಿತ್ತು. ಫೆಬ್ರುವರಿ, ಮಾರ್ಚಿಗೆ ಹತ್ತಿ ಬಿಡಿಸಿದಾಗ ದಲಾಲ ಹೇಳಿದ ದರ ಕೇಳಿ ಅವನು ದೇವರಿಗೆ ಕಾಯಿ ಒಡೆಸಿರಬೇಕು. ಅದರಲ್ಲೂ ದಲಾಲ, ಸಾಹುಕಾರ ತಿಂದುಳಿದದ್ದು ಅವನ ಪಾಲಿಗೆ. ಅವನ ಮೇಲೆ ಯಾವ ಋಣ ಹೊರಿಸುತ್ತೀರಿ?

ಆದರೆ ಮುಂಬಯಿ ಪೇಟೆಯಲ್ಲಿ ಕೂತವನ ಮಾತು ಬೇರೆ. ಅವನಿಗೆ ಎಲ್ಲ ಗೊತ್ತಿತ್ತು. ಇಲ್ಲೊಂದು ಸೂಕ್ಷ್ಮ ಇದೆ, ನಿಧಾನವಾಗಿ ನೋಡಬೇಕು. ಗೆಟ್ಟಿಸ್‌ಬರ್ಗ್‌ನಲ್ಲಿ ಲೀ ಗೆದ್ದಿದ್ದರೆ ಉತ್ತರದವರು ಸುಸ್ತಾಗಿ ಸಂಧಾನಕ್ಕೆ ಬರುವ ಸಂಭವವಿತ್ತು. ಬಂದರು ತೆರೆಯುತ್ತಿತ್ತು, ಅಮೆರಿಕದ ಹತ್ತಿ ಹೊರಬೀಳುತ್ತಿತ್ತು, ಮುಂಬಯಿ ಆಗಲೇ ಮುಳುಗುತ್ತಿತ್ತು. ಲೀ ಸೋತ, ಆದರೆ ಅವನ ಸೈನ್ಯ ಪೂರಾ ನಾಶವಾಗದೆ ತಪ್ಪಿಸಿಕೊಂಡು ಹೋಯಿತು. ಯುದ್ಧ ಇನ್ನೂ 21 ತಿಂಗಳು ಎಳೆಯಿತು. ಹತ್ತಿಯ ದರ 1864ರಲ್ಲಿ ತುತ್ತತುದಿ ಮುಟ್ಟಿತು. ಅಂದರೆ ಮುಂಬಯಿಗೆ ಬೇಕಾಗಿದ್ದದ್ದು ಉತ್ತರದ ಗೆಲುವೂ ಅಲ್ಲ, ದಕ್ಷಿಣದ ಗೆಲುವೂ ಅಲ್ಲ. ಯಾರೂ ಗೆಲ್ಲದೆ ಇಬ್ಬರೂ ಸಾಯುತ್ತಲೇ ಇರಬೇಕು, ಅದೇ ಬೇಕಾಗಿತ್ತು. ಯಾರೂ ಹಾಗೆ ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ. ದೇವರಮುಂದೆ ಕೂತು ಬೇಡಿಕೊಂಡವರೂ ಇರಲಿಕ್ಕಿಲ್ಲ. ಆದರೆ ಮುಂದಿನ ತಾರೀಖಿಗೆ ವಾಯಿದೆ ವ್ಯಾಪಾರ ಮಾಡಿದವನ ಸಹಿ ಆ ಪ್ರಾರ್ಥನೆಯೇ ಅಲ್ಲವೇ?

1865ರ ಏಪ್ರಿಲ್ 9ರಂದು ಲೀ ಶರಣಾದ. ಹತ್ತಿ ಕುಸಿಯಿತು. ಜೂನ್ 19ರಂದು ಟೆಕ್ಸಸ್ಸಿನ ಗ್ಯಾಲ್ವೆಸ್ಟನ್ನಿನಲ್ಲಿ ಗುಲಾಮರಿಗೆ ನೀವಿನ್ನು ಸ್ವತಂತ್ರರು ಅಂತ ಸೈನ್ಯದ ಆಜ್ಞೆ ಓದಿ ಹೇಳಿದರು. ಅದಾಗಿ ಹನ್ನೆರಡು ದಿನಕ್ಕೆ, ಜುಲೈ 1, ಮುಂಬಯಿ ಪೇಟೆಯ ವಾಯಿದೆ ತೀರುವಳಿಯ ದಿನ. ಕೊಡುವವರೂ ಇಲ್ಲ, ಕೊಳ್ಳುವವರೂ ಇಲ್ಲ. ಮನೆಮನೆ ದಿವಾಳಿ. ಪ್ರೇಮಚಂದನೂ ಮುಳುಗಿದ. ಬ್ಯಾಂಕ್ ಆಫ್ ಬಾಂಬೆಯೂ ಆ ಹೊಡೆತದಿಂದ ಏಳಲಾಗದೆ 1868ಕ್ಕೆ ಮುಚ್ಚಿತು. 1864ರ ಜನಗಣತಿಯಲ್ಲಿ 8,16,562 ಇದ್ದ ಊರು 1872ಕ್ಕೆ 6,44,405ಕ್ಕೆ ಇಳಿದಿತ್ತು. ಹೊಟ್ಟೆಪಾಡಿಗೆ ಬಂದವರು ಗಂಟು ಕಟ್ಟಿಕೊಂಡು ಹೋದರು. ನನಗೆ ಈ ಎರಡು ತಾರೀಖು ಒಟ್ಟಿಗೆ ನೆನಪಾದಾಗಲೆಲ್ಲ ಹೇಗೋ ಆಗುತ್ತದೆ. ಅಲ್ಲಿ ಜನ ಸಂಕೋಲೆ ಕಳಚಿ ಕುಣಿದದ್ದು, ಇಲ್ಲಿ ಜನ ಎದೆ ಬಡಿದುಕೊಂಡದ್ದು, ಎರಡಕ್ಕೂ ಕಾರಣ ಒಂದೇ ಸುದ್ದಿ.

ಇದನ್ನು ನೂರಾರು ವರ್ಷದ ಹಿಂದಿನ ಶೇಠಜಿಗಳ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಸಲೀಸು. ಹಾಗೆ ಮಾಡಲು ಮನಸ್ಸು ಬರುವುದಿಲ್ಲ. ಯಾಕೆಂದರೆ ಪರವೂರಿನಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರಲ್ಲಿ ಬಹಳ ಮಂದಿಯ ಕಾಲಕೆಳಗೆ ಇಂಥದೇ ಒಂದು ಚೂರು ನೆಲ ಇರುತ್ತದೆ. ನನ್ನ ಸೋದರಮಾವನ ಮನೆಯ ಮಾತು ಹೇಳುತ್ತೇನೆ. ನಾನು ಮುಂಬಯಿಗೆ ಬಂದ ಹೊಸತರಲ್ಲಿ ಇದ್ದದ್ದು ಅವರಲ್ಲೇ. ಸಯನ್ ಸ್ಟೇಶನ್ನಿನ ಧಾರಾವಿ ಕಡೆಯ ಮಗ್ಗುಲಲ್ಲಿ ಎರಡು ಖೋಲಿಯ ಮನೆ. 1992ರ ಡಿಸೆಂಬರು, 1993ರ ಜನವರಿಯ ಗಲಭೆಯಲ್ಲಿ ಈ ಊರಿನಲ್ಲಿ ಸತ್ತವರು 900 ಅಂತ ಶ್ರೀಕೃಷ್ಣ ಆಯೋಗದ ವರದಿ ಹೇಳುತ್ತದೆ. ಆ ಫೆಬ್ರುವರಿಯಲ್ಲಿ ಒಂದು ಮುಸ್ಲಿಂ ಕುಟುಂಬ ಆ ಮನೆ ಮಾರಿ ಮುಂಬ್ರಾಕ್ಕೆ ಹೊರಟಿತು. ಆಗ ಮಾಮಾ ಚಾಳಿನಲ್ಲಿ ಬಾಡಿಗೆಗಿದ್ದರು, ಪರೇಲಿನಲ್ಲಿ ಕೆಲಸ, ಕೈಯಲ್ಲಿ ಪ್ರಾವಿಡೆಂಟ್ ಫಂಡಿನ ಒಂದಿಷ್ಟು ಹಣ. ಆ ಮನೆಯವರು ಕೇಳಿದ್ದು ಆಗಿನ ದರದ ಅರ್ಧಕ್ಕೂ ಕಡಿಮೆ. ಮಾಮಾ ಒಂದು ಪೈಸೆ ಚೌಕಾಸಿ ಮಾಡದೆ ಕೇಳಿದ್ದು ಕೊಟ್ಟರು. ಕಾಗದಪತ್ರ ಎಲ್ಲ ಸರಿ.

ಊರಿಂದ ಬಂದವರು ಮನೆ ನೋಡಿ, "ಮುಂಬೈದಾಗ ಇಷ್ಟ ಅಗ್ಗಕ್ಕ ಹ್ಯಾಂಗ ಸಿಕ್ತ್ರಿ?" ಅಂತ ಕೇಳಿದರೆ ಅತ್ತೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಒಂದು ರಾತ್ರಿ ಊಟಕ್ಕೆ ಕೂತಾಗ ಮಾಮಾ, ತಾನಾಗಿಯೇ, ಯಾರೂ ಕೇಳದಿದ್ದರೂ ಹೇಳಿದರು: "ನಾ ತೊಗೊಳ್ಳಲಿಲ್ಲ ಅಂದ್ರ ಇನ್ನೊಬ್ಬ ಇದಕ್ಕಿಂತ ಕಡಿಮಿಗೆ ತೊಗೋತಿದ್ದ."

ಅತ್ತೆ ರೊಟ್ಟಿ ಹಾಕುತ್ತ, "ಖರೆ. ಆ ಇನ್ನೊಬ್ಬ ನೀವ ಆದ್ರೆಲ್ಲಾ," ಅಂದಳು.

ಜಗಳವಾಗಲಿಲ್ಲ. ಮಾಮಾ ಉಂಡು ಎದ್ದರು. ಇಬ್ಬರ ಮಾತೂ ಸರಿಯೇ. ನಾನು ಆಮೇಲೆ ಓದಿದ ನೀತಿಶಾಸ್ತ್ರದ ಪುಸ್ತಕಗಳಲ್ಲಿ ಈ ಎರಡು ವಾಕ್ಯಗಳ ಆಚೆಗೆ ಬಹಳ ದೂರ ಹೋದದ್ದು ನನಗೆ ಕಾಣಲಿಲ್ಲ.

ಅತ್ತೆ ಒಂದು ಕೆಲಸ ಮಾಡುತ್ತಿದ್ದಳು. ಮೊದಲಿದ್ದವರ ಹೆಸರಿಗೆ ಬರುವ ಟಪಾಲು ನಿಲ್ಲಲು ವರ್ಷಗಟ್ಟಲೆ ಹಿಡಿಯಿತು: ಬ್ಯಾಂಕಿನವು, ಮದುವೆ ಕರೆಯೋಲೆ, ಒಮ್ಮೊಮ್ಮೆ ಉರ್ದುವಿನಲ್ಲಿ ಬರೆದ ಕಾರ್ಡು. ಅವರು ಹೋಗುವಾಗ ಕೊಟ್ಟ ಮುಂಬ್ರಾದ ವಿಳಾಸವನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡಿದ್ದಳು. ಪ್ರತಿ ವರ್ಷ ಹೊಸ ಕ್ಯಾಲೆಂಡರಿಗೆ ಅದನ್ನು ಎತ್ತಿ ಬರೆಯುವಳು. ಬಂದ ಟಪಾಲಿನ ಮೇಲೆ ಹಳೇ ವಿಳಾಸ ಹೊಡೆದು, ನಾಲ್ಕನೆಯ ಇಯತ್ತೆ ಓದಿದ ದುಂಡು ಅಕ್ಷರದಲ್ಲಿ ಹೊಸದು ಬರೆದು ಪೋಸ್ಟಿನ ಡಬ್ಬಿಗೆ ಹಾಕಿ ಬರುತ್ತಿದ್ದಳು. ಮನೆಯನ್ನೇನೂ ತಿರುಗಿ ಕೊಡಲಿಲ್ಲ. ಕೊಡಬೇಕಾಗಿತ್ತೆಂದು ನಾನೂ ಹೇಳುತ್ತಿಲ್ಲ. ಅವರ ಹೆಸರು ಮಾತ್ರ ಆ ಮನೆಯಲ್ಲಿ ಸಾಯಲು ಬಿಡಲಿಲ್ಲ.

"ಇನ್ನೊಬ್ಬ ತೊಗೋತಿದ್ದ" ಅನ್ನುವ ಮಾತಿಗೆ 1862ರಲ್ಲೇ ಒಂದು ಉತ್ತರ ಸಿಕ್ಕಿತ್ತು. ಅದು ಸಿಕ್ಕಿದ್ದು ಸಿಗಬಾರದ ಜಾಗದಲ್ಲಿ. ಹತ್ತಿಯಿಲ್ಲದೆ ಗಿರಣಿ ನಿಂತು ಲ್ಯಾಂಕಶೈರಿನ ಕೆಲಸಗಾರರು ಗಂಜಿಕೇಂದ್ರದ ಮುಂದೆ ಸಾಲು ಹಚ್ಚಿದ್ದ ಕಾಲ. ದಕ್ಷಿಣದ ಬಂದರುಗಳನ್ನು ಇಂಗ್ಲೆಂಡ್ ಬಲಪ್ರಯೋಗದಿಂದ ಬಿಡಿಸಲಿ ಅನ್ನುವ ಕೂಗೂ ಎದ್ದಿತ್ತು, ಕೆಲವು ಗಿರಣಿ ಊರುಗಳಲ್ಲಿ ಕೆಲಸಗಾರರೇ ಹಾಗಂದರು. ಹಸಿದವರು ಹಾಗಂದರೆ ತಪ್ಪೆನ್ನುವುದು ನನಗಾಗದು. ಆದರೆ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನಲ್ಲಿ ಸಭೆ ಸೇರಿದವರು ಲಿಂಕನ್ನನಿಗೆ ಪತ್ರ ಬರೆದರು. ಗುಲಾಮಗಿರಿ ಕೊನೆಗಾಣಿಸು, ನಾವು ನಿನ್ನ ಕಡೆಗಿದ್ದೇವೆ ಎನ್ನುವ ಅರ್ಥದ್ದು. ಮರುದಿನವೇ ಬಿಡುಗಡೆಯ ಘೋಷಣೆ ಜಾರಿಗೆ ಬರುವುದಿತ್ತು. ಲಿಂಕನ್ 1863ರ ಜನವರಿ 19ರಂದು ಅವರಿಗೆ ಉತ್ತರ ಬರೆದ. ಮ್ಯಾಂಚೆಸ್ಟರಿನಲ್ಲಿ ಅವನ ಪ್ರತಿಮೆಯ ಪೀಠದ ಮೇಲೆ ಆ ಪತ್ರದ ಮಾತುಗಳನ್ನು ಕೆತ್ತಿದ್ದಾರೆ. ನಷ್ಟವಾದವರು ಹಾಗೆ ಬರೆದರು. ಲಾಭವಾದ ಊರಿನಿಂದ, ನಮ್ಮ ಈ ಊರಿನಿಂದ, ಅಂಥದೊಂದು ಪತ್ರ ಹೋದದ್ದನ್ನು ನಾನು ಎಲ್ಲೂ ಓದಿಲ್ಲ.

ನಮ್ಮಲ್ಲಿ ಇಂಥ ಪ್ರಶ್ನೆಗೆ ಹಳೆಯ ಕಥೆಯೊಂದಿದೆ. ಸಯನ್ ಸರ್ಕಲ್ಲಿನಿಂದ ಮಾಟುಂಗಾ ತನಕ ನಡೆದರೆ ಉಡುಪಿ ಹೋಟೆಲ್ಲುಗಳಿಗೆ ಬರವಿಲ್ಲ. ಒಬ್ಬ ಹಳೇ ಹೋಟೆಲ್ ಯಜಮಾನರು, ಕುಂದಾಪುರ ಕಡೆಯವರು, ಗಲ್ಲದ ಮೇಲೆ ಕೂತು ನನಗೆ ಹೇಳಿದ್ದಿದು. ಕುರುಕ್ಷೇತ್ರಕ್ಕೆ ಎಲ್ಲ ರಾಜರೂ ಸೈನ್ಯ ತಂದರಂತೆ. ಉಡುಪಿಯ ಅರಸನೂ ಹೋದ. ಕೌರವರೂ ಕರೆದರು, ಪಾಂಡವರೂ ಕರೆದರು. ಅವನು ಕೃಷ್ಣನ ಹತ್ತಿರ ಹೋಗಿ, "ಅಣ್ಣತಮ್ಮಂದಿರ ಜಗಳಕ್ಕೆ ನಾನು ಕತ್ತಿ ಹಿಡಿಯಲಾರೆ, ಎರಡೂ ಸೈನ್ಯಕ್ಕೆ ಅಡುಗೆ ಮಾಡಿ ಬಡಿಸುತ್ತೇನೆ" ಅಂದ. ಹದಿನೆಂಟು ದಿನ ಬಡಿಸಿದ. ಒಂದು ದಿನವೂ ಅನ್ನ ಮಿಗಲಿಲ್ಲ, ಸಾಲದೆಯೂ ಹೋಗಲಿಲ್ಲ. ಗುಟ್ಟೇನೆಂದರೆ ರಾತ್ರಿ ಕೃಷ್ಣನ ಮುಂದೆ ಬೇಯಿಸಿದ ನೆಲಗಡಲೆ ಇಡುತ್ತಿದ್ದ. ಕೃಷ್ಣ ಎಷ್ಟು ತಿಂದನೋ ಅಷ್ಟು ಸಾವಿರ ಜನ ಮರುದಿನ ಸಾಯುತ್ತಾರೆ ಅಂತ ಲೆಕ್ಕ. ಅಷ್ಟು ಅಕ್ಕಿ ಕಡಿಮೆ ಹಾಕಿಸುತ್ತಿದ್ದ. (ನೆಲಗಡಲೆಯೂ ಅಮೆರಿಕ ಖಂಡದಿಂದ ನಮ್ಮಲ್ಲಿಗೆ ಬಂದದ್ದು, ದ್ವಾಪರದಲ್ಲಿ ಎಲ್ಲಿಯ ನೆಲಗಡಲೆ ಅಂತ ಕೇಳಬಾರದು, ಕಥೆಗೆ ಕಾಲಿಲ್ಲ.)

ಯಜಮಾನರು ಇದನ್ನು ಹೆಮ್ಮೆಯಿಂದ ಹೇಳಿದರು. ನಾವು ಆವತ್ತಿನಿಂದಲೂ ಅಡುಗೆಯವರು ಮಾರಾಯ್ರೆ, ಜಗಳಕ್ಕಿಲ್ಲ, ಊಟಕ್ಕೆ ಸೈ ಅಂತ ನಕ್ಕರು. ನನಗೆ ಮಾತ್ರ ಆ ನೆಲಗಡಲೆ ಎಣಿಸುವ ಅರಸನ ಚಿತ್ರ ಹೋಗಲೊಲ್ಲದು. ಅವನು ಯಾರ ಪಕ್ಷಕ್ಕೂ ಸೇರದವನು, ನಿಜ. ಆದರೆ ನಾಳೆ ಎಷ್ಟು ಜನ ಸಾಯುತ್ತಾರೆಂದು ಇಂದು ರಾತ್ರಿಯೇ ಅವನಿಗೆ ಗೊತ್ತು. ಬೆಳಿಗ್ಗೆ ಯಾರಿಗೂ ಹೇಳದೆ ಅಕ್ಕಿ ಅಳೆಯುತ್ತಾನೆ. ಮುಂಬಯಿ ಪೇಟೆಯವರೂ ಲೆಕ್ಕವನ್ನೇ ಹಾಕುತ್ತಿದ್ದರು. ಅರಸನ ಮತ್ತು ಶೇಠಜಿಯ ನಡುವೆ ವ್ಯತ್ಯಾಸ ಇದೆಯೆಂದು ಬಹಳ ವಾದ ಮಾಡಿಕೊಂಡಿದ್ದೇನೆ. ಇದೆ ಅಂತಲೇ ಈಗಲೂ ನನ್ನ ನಂಬಿಕೆ: ಯುದ್ಧ ನಿಂತಿದ್ದರೆ ಉಡುಪಿಯ ಅರಸನಿಗೆ ನಷ್ಟವಿರಲಿಲ್ಲ, ಒಲೆ ಆರಿಸಿ ಊರಿಗೆ ಹೋಗುತ್ತಿದ್ದ. ಶೇಠಜಿಗೆ ಯುದ್ಧ ನಿಲ್ಲುವುದೇ ನಷ್ಟ. ಸಾವಿನಿಂದ ಬಂದದ್ದನ್ನು ಉಣ್ಣುವುದಕ್ಕೂ ಸಾವು ಮುಂದುವರಿಯಲಿ ಎಂದು ಕಾಯುವುದಕ್ಕೂ ನಡುವೆ ಒಂದು ಗೆರೆ ಇದೆ. ತೊಂದರೆ ಏನೆಂದರೆ ದಾಟುವಾಗ ಕಾಲಿಗೆ ಅದು ತಾಗುವುದಿಲ್ಲ.

ನನ್ನ ಅಪ್ಪನೂ ಹತ್ತಿ ಬೆಳೆದವನೇ. 2010ರಲ್ಲಿ ಪಾಕಿಸ್ತಾನದಲ್ಲಿ ಸಿಂಧೂ ನದಿ ಉಕ್ಕಿ ಹತ್ತಿಹೊಲಗಳು ಮುಳುಗಿದವು. ಮರುವರ್ಷದ ಮೊದಲ ತಿಂಗಳುಗಳಲ್ಲಿ ಜಗತ್ತಿನ ಹತ್ತಿ ದರ ಹಿಂದೆಂದೂ ಇಲ್ಲದಷ್ಟು ಏರಿತು. ಬೇರೆ ಕಾರಣಗಳೂ ಇದ್ದವು, ಅದೂ ಒಂದು. ಅಪ್ಪ ಆ ವರ್ಷ ತಂಗಿಯ ಮದುವೆಯ ಸಾಲ ತೀರಿಸಿದ. ಫೋನಿನಲ್ಲಿ ಖುಷಿಯಿಂದ ಹೇಳಿ, ಒಂದು ಗಳಿಗೆ ಸುಮ್ಮನಿದ್ದು, "ಅಲ್ಲಿ ಭಾಳ ಮಂದಿ ಮನಿ ಕಳಕೊಂಡಾರಂತ, ಹೌದೇನೋ?" ಅಂತ ಕೇಳಿದ. ನಾನು ಟಿವಿಯಲ್ಲಿ ನೋಡಿದ್ದು ಹೇಳಿದೆ. ಅವನು ಅದಕ್ಕೇನೂ ಅನ್ನಲಿಲ್ಲ. ನವಲಗುಂದದ ಆ 1863ರ ರೈತನಿಗೆ ಇಲ್ಲದ ಒಂದು ಭಾರ ನಮ್ಮ ಅಪ್ಪನಿಗಿತ್ತು. ಟಿವಿ, ಫೋನು, ಪರವೂರಿನಲ್ಲಿರುವ ಮಗ, ಎಲ್ಲ ಸೇರಿ ಹೊರಿಸಿದ್ದದು. ಗೊತ್ತಿಲ್ಲ ಅನ್ನುವ ಆಸರೆ ಈಗ ರೈತನಿಗೂ ಉಳಿದಿಲ್ಲ.

2022ರ ಫೆಬ್ರುವರಿಯಲ್ಲಿ ಉಕ್ರೇನಿನ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆ ಏರಿತಲ್ಲ, ಆಗ ಊರಿನಿಂದ ತಮ್ಮ ಫೋನ್ ಮಾಡಿದ್ದ. ಬರುವ ಮುಂಗಾರಿಗೆ ಎರಡೆಕರೆ ಸೂರ್ಯಪಾನ ಹಾಕೋಣೇನು ಅಂತ ಅವನ ವಿಚಾರ. ಬೀಜ, ಗೊಬ್ಬರ, ಆಳಿನ ಖರ್ಚು ಎಲ್ಲ ಲೆಕ್ಕ ಹೇಳಿದ. ಕಡೆಗೆ, "ಅಣ್ಣಾ, ನೀ ಪೇಪರ್ ಓದಾಂವ. ಆ ಯುದ್ಧ ಸುಗ್ಗಿ ತನಕಾ ನಡೀತದೇನು?" ಅಂತ ಕೇಳಿದ.

ನಾನು ಬೇಗ ಉತ್ತರ ಕೊಡಲಿಲ್ಲ. ಆ ಕಡೆಯಿಂದ ಅವನೇ, "ಅಲ್ಲ, ನಡೀಲಿ ಅಂತಲ್ಲ ಮತ್ತ," ಅಂದ. ಆಮೇಲೆ ಮಳೆಯ ಮಾತು ಬಂತು.